ಬೆಳಕು ತಾಗಬಾರದ ಬಾಟಲಿ

ಅಣ್ಣನ ಮಗಳು ರಮ್ಯಾ ಬಾಟಲಿ ಮರೆತು ಹೋದದ್ದೇ ಬೈರಾಪಟ್ಟಣದ ಅನಂತರಾಜುವಿಗೆ ಮುಳುವಾಯಿತು. ಕ್ಯಾನ್ಸರ್ ಔಷಧದ ಸಂಶೋಧನೆ ಮಾಡುವ ಅವಳು ರಾತ್ರಿ ಚಿಕ್ಕಪ್ಪನ ಮನೆಯಲ್ಲಿ ತಂಗಿ, ಬೆಳಗ್ಗೆಯೇ ರಾಮನಗರದ ಕಾಲೇಜೊಂದಕ್ಕೆ ಪ್ರಯೋಗ ತೋರಿಸಲು ಹೋಗಿದ್ದಳು. ಅವಳ ಔಷಧವೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಬೆಳಕು ಬಿದ್ದರೆ ತಾಮ್ರ ಬಿಡುತ್ತವೆ. ತಾಮ್ರ ಮಿತಿಮೀರಿ ಕ್ಯಾನ್ಸರ್ ಜೀವಕೋಶ ಸಾಯುತ್ತದೆ. ಸದ್ಯಕ್ಕೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲಷ್ಟೇ ಪರೀಕ್ಷೆ. ಫ್ರಿಜ್ಜಿನಲ್ಲಿರುವ ಪುಟ್ಟ ಬಾಟಲಿಯನ್ನು ಬೇಗ ತಂದುಕೊಡಿ, ಎಳ್ಳಷ್ಟೂ ಬೆಳಕು ತಾಗಬಾರದು ಎಂದು ಫೋನ್ ಮಾಡಿದಳು.

ಅನಂತರಾಜು ಬಾಟಲಿಗೆ ಕರಿಬಟ್ಟೆ ಸುತ್ತಿ, ಸ್ವೆಟರಿನೊಳಗೆ ತುರುಕಿ, ಮೇಲೆ ಕಂಬಳಿ ಹೊದ್ದು ಏಪ್ರಿಲ್ ಬಿಸಿಲಲ್ಲಿ ಬಸ್ಸು ಹತ್ತಿದ. ಕುಕ್ಕರಿಗೆ ಹಾಕಿದ ಆಲೂಗಡ್ಡೆಯಂತೆ ಬೇಯತೊಡಗಿದ.

ಪಕ್ಕದ ಮನೆಯ ಕೆಂಚಮ್ಮ ಅದೇ ಬಸ್ಸಿನಲ್ಲಿದ್ದಳು. ಚಳಿಜ್ವರವಾ ಎಂದು ವಿಚಾರಿಸಿದಳು. ಸುಳ್ಳು ಬಾರದ ಅನಂತರಾಜು ಒಳಗೆ ಕ್ಯಾನ್ಸರ್ ಔಷಧವಿದೆ ಎಂದು ನಿಜ ಹೇಳಿಬಿಟ್ಟ. ಮುಂದಿನ ಸ್ಟಾಪು ಬರುವಷ್ಟರಲ್ಲಿ ಬಸ್ಸಿಗೆಲ್ಲ ಸುದ್ದಿ. ಒಬ್ಬರು ಹುಳುಕು ಹಲ್ಲು ತೋರಿಸಿದರು, ಇನ್ನೊಬ್ಬರು ಕಾಲಿನ ಆಣಿ. ಹಿಂದಿನ ಸೀಟಿನಲ್ಲಿದ್ದ ಗೆಳೆಯ ಬೈರಪ್ಪ ಮೊಬೈಲ್ ಟಾರ್ಚ್ ಹಚ್ಚಿ ಕಂಬಳಿಗೇ ಕೈ ಹಾಕಿದ.

"ಒಸಿ ತೋರ್ಸ್ಲಾ, ಹಂಗೇ ನೋಡಿ ಕೊಟ್ಬುಡ್ತೀನಿ."

ಅನಂತರಾಜು ಕಾವಿಗೆ ಕೂತ ಕೋಳಿಯಂತೆ ಮುದುಡಿ ಸೀಟಿನಡಿಗೆ ನುಸುಳಿದ. ಟಿಕೆಟ್ ತಪ್ಪಿಸುವ ಗಿರಾಕಿಯೆಂದು ಕಂಡಕ್ಟರ್ ಜಬ್ಬಾರ್ ಕಾಲು ಹಿಡಿದು ಎಳೆದ. ಚಪ್ಪಲಿಯೊಂದು ಅವನ ಕೈಗೆ ಬಂತು, ಅನಂತರಾಜು ಬರಲಿಲ್ಲ.

ಒಂದೇ ಚಪ್ಪಲಿಯಲ್ಲಿ, ಬೆವರಿನಲ್ಲಿ ಮಿಂದು ಕಾಲೇಜು ಸೇರಿದ. ಪ್ರಯೋಗ ಚೆನ್ನಾಗಿಯೇ ನಡೆಯಿತು. ಒಂದು ತಟ್ಟೆಯ ಕೋಶಗಳು ಸತ್ತವು, ಇನ್ನೊಂದರವು ಬದುಕಿದವು. ಸಾಯಿಸಿದ್ದು ತಾನು ತಂದ ಔಷಧ ತಾನೇ ಎಂದು ಅನಂತರಾಜು ಎದೆಯುಬ್ಬಿಸಿ ಕೇಳಿದ.

"ಇಲ್ಲ ಚಿಕ್ಕಪ್ಪ, ಔಷಧ ನನ್ನ ಹತ್ರಾನೇ ಇತ್ತು. ನೀವು ತಂದಿದ್ದು ಬರೀ ಉಪ್ಪುನೀರು, ಹೋಲಿಸಿ ನೋಡೋಕೆ."

ಉಪ್ಪುನೀರಿಗೆ ಕಂಬಳಿ ಯಾಕೆ ಬೇಕಿತ್ತು ಎಂದು ಅವನು ಕೇಳಿದ. ಎರಡು ಬಾಟಲಿಯನ್ನೂ ಒಂದೇ ರೀತಿ ಕತ್ತಲಲ್ಲಿ ಇಡದಿದ್ದರೆ ಹೋಲಿಕೆಗೆ ಬೆಲೆಯಿಲ್ಲ ಎಂದು ರಮ್ಯಾ ತಿಳಿಹೇಳಿದಳು. ತಾನು ಸಂಜೆ ಬರುವುದಾಗಿಯೂ, ಉಳಿದ ಉಪ್ಪುನೀರನ್ನು ಹಾಗೇ ಬೆಳಕು ತಾಗಿಸದೆ ಫ್ರಿಜ್ಜಿಗೆ ಸೇರಿಸಬೇಕೆಂದೂ ಹೇಳಿ ಅವನ ಕೈಗೇ ಕೊಟ್ಟಳು.

ಊರಿಗೆ ಮರಳಿದಾಗ ಬಸ್ ಸ್ಟ್ಯಾಂಡಿನಲ್ಲಿ ಜನ ಕಾದಿದ್ದರು. ಅನಂತಣ್ಣನ ಭುಜ ತಾಗಿದ್ದೇ ತಡ ತನ್ನ ಮಂಡಿನೋವು ಮಾಯವಾಯಿತೆಂದು ಕೆಂಚಮ್ಮ ಸಾರಿಬಿಟ್ಟಿದ್ದಳು. ಇದು ಬರೀ ಉಪ್ಪುನೀರು ಎಂದು ಅನಂತರಾಜು ಮಂಜುನಾಥನ ಮೇಲೆ ಆಣೆ ಮಾಡಿದ.

ಬೈರಪ್ಪ ಟೀ ಅಂಗಡಿಯಿಂದ ಲೋಟ ತಂದು ಮುಂದೆ ಹಿಡಿದ.

"ಉಪ್ಪುನೀರೇ ಆದ್ರೆ ನಿಂಗೇನ್ಲಾ ನಷ್ಟ? ಒಸಿ ಬುಡು, ಕುಡ್ಕತೀವಿ."