ನಮ್ಮ ಗಟಾರದ ಎರಡು ಸಮುದ್ರಗಳು

ಧಾರವಾಡದವರಿಗೆ ಸಮುದ್ರವಿಲ್ಲ ಎಂದು ಯಾರಾದರೂ ಕನಿಕರಪಟ್ಟರೆ ನಮಗೆ ಸಿಟ್ಟು ಬರುತ್ತದೆ. ಕಾರವಾರದವರಿಗೆ ಇರುವುದು ಒಂದೇ ಸಮುದ್ರ, ನಮಗೆ ಎರಡು. ಊರು ದಿಬ್ಬದ ನೆತ್ತಿಯ ಮೇಲಿರುವುದರಿಂದ ಪಶ್ಚಿಮಕ್ಕೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೂ ಪೂರ್ವಕ್ಕೆ ಬಿದ್ದದ್ದು ಬಂಗಾಳ ಕೊಲ್ಲಿಗೂ ಹೋಗುತ್ತದೆ. ಸಪ್ತಾಪುರದ ನಮ್ಮ ಮನೆಯ ಹೆಂಚಿನ ಛಾವಣಿಯೇ ಆ ಎರಡರ ಗಡಿ ಎಂದು ಅಜ್ಜ ಹೇಳುತ್ತಿದ್ದ. ಹೇಳುತ್ತಿದ್ದನೋ, ಅಥವಾ ನಾನೇ ದೊಡ್ಡವನಾದ ಮೇಲೆ ಎಲ್ಲೋ ಓದಿದ್ದನ್ನು ಅವನ ಬಾಯಿಗೆ ತುರುಕಿದೆನೋ, ಖಾತ್ರಿಯಿಲ್ಲ. ಈ ಓಣಿಯ ಪ್ರತಿ ಮನೆಯ ಅಜ್ಜನೂ ತನ್ನ ಛಾವಣಿಯ ಬಗ್ಗೆ ಅದನ್ನೇ ಹೇಳಿದ್ದಾನಂತೆ.

ಎರಡು ಸಮುದ್ರಗಳ ಒಡೆಯನಾದ ಮೇಲೆ ಸುಮ್ಮನಿರಲಾಗುತ್ತದೆಯೇ? ಬೇಸಿಗೆಯ ಕೊನೆಗೆ ಓಣಿಯ ಸಂಘದವರು ಕರೆದಾಗ ಸಮುದ್ರದ ಕಸದ ಬಗ್ಗೆ ಭಾಷಣ ಬಿಗಿದೆ. ಗಟಾರಕ್ಕೆ ಎಸೆದದ್ದು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ, ಹೊಳೆಯದು ಮೀನಿನ ಹೊಟ್ಟೆಗೆ. ಸಂತೆಗೆ ಬಟ್ಟೆಯ ಚೀಲ ಒಯ್ಯಿರಿ, ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಪಾಕೀಟಿಗೇ ಅಂಟಿಕೊಂಡಿರಲು ಬಿಡಿರಿ ಎಂದೆ. ಚಪ್ಪಾಳೆ ಬಿತ್ತು. ಜರಿಯಂತೆ ಹೊಳೆಯುವ ಪ್ಲಾಸ್ಟಿಕ್ ಹಾರ ನನ್ನ ಕೊರಳಿಗೆ ಬಿತ್ತು. ಬಂದವರಿಗೆಲ್ಲ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಅವಲಕ್ಕಿ ಚೂಡಾ, ಗೇಣುದ್ದದ ಬಾಟಲಿಯಲ್ಲಿ ನೀರು. ನಾನೂ ತಿಂದೆ. ಚೂಡಾ ಛಲೋ ಇತ್ತು.

ಮುಂದಿನ ವಾರವೇ ದೊಡ್ಡ ಮಳೆ. ನಮ್ಮ ಮನೆಗೂ ಪಕ್ಕದ ದೇಸಾಯಿ ಕಾಕಾರ ಮನೆಗೂ ನಡುವಿರುವ ಗಟಾರ ಕಟ್ಟಿಕೊಂಡು, ನೀರು ನಮ್ಮ ಅಡಿಗೆಮನೆಯ ಹೊಸ್ತಿಲಿಗೆ ಬಂತು. ಒಳಗೆ ನೆಲದ ಮೇಲೆ ನನ್ನ ಹೆಂಡತಿ ವಿಮಲಾ ಬೇಸಿಗೆಯಿಡೀ ಒಣಗಿಸಿದ ಶಾವಿಗೆ, ಸಂಡಿಗೆಗಳ ಬುಟ್ಟಿಗಳಿದ್ದವು.

"ಕಾಕಾ, ನಿಮ್ಮ ಕಡಿ ಕಸ ಬಂದು ಅಡ್ಡ ಕುಂತದ ನೋಡ್ರಿ," ಎಂದೆ.

"ನಮ್ಮದು ಪಶ್ಚಿಮಕ್ಕ ಇಳೀತದ್ರಿ ಸರ, ಸೀದಾ ಅರಬ್ಬಿಗೆ. ಇದು ನಿಮ್ಮ ಬಂಗಾಳದ ಮಾಲು."

"ಹಂಗಾದ್ರ ಈ ಗಟಾರ ಯಾವ ಕಡಿ ಹರೀತದ, ಹೇಳ್ರಿ?"

"ಹರಿಯಾಕತ್ತಿದ್ರ ಹೇಳ್ತಿದ್ದೆ. ನಿಂತದಲ್ರಿ!"

ನಾವಿಬ್ಬರೂ ನಮ್ಮ ನಮ್ಮ ಕಟ್ಟೆಯ ಮೇಲೆ ಛತ್ರಿ ಹಿಡಿದು ಭೂಗೋಳ ಚರ್ಚಿಸುತ್ತಿದ್ದಾಗ, ವಿಮಲಾ ಸೆರಗು ಸಿಕ್ಕಿಸಿ ಬಿದಿರಿನ ಗಳದೊಂದಿಗೆ ಕೆಳಗಿಳಿದಳು. ಜೋರಾಗಿ ತಿವಿದಳು. ಮೊದಲು ಚೂಡಾ ಪೊಟ್ಟಣಗಳು ಬಂದವು, ಆಮೇಲೆ ನೀರಿನ ಬಾಟಲಿಗಳು, ಕೊನೆಗೆ ಗಳದ ತುದಿಗೆ ಜೋತು, ರಾಡಿ ಸುರಿಸುತ್ತ, ನನ್ನ ಹಾರ. ಅದನ್ನು ಕಂಪೌಂಡಿನ ಮೇಲಿಟ್ಟಿದ್ದೆ, ಗಾಳಿಗೆ ಬಿದ್ದಿರಬೇಕು. ಅಥವಾ ನಾನೇ... ನೆನಪಿಲ್ಲ.

"ಇದು ಯಾವ ಸಮುದ್ರದ್ದರಿ?" ಎಂದು ವಿಮಲಾ ಕೇಳಿದಳು.

ಕಾಕಾ ನಕ್ಕ ರಭಸಕ್ಕೆ ಅವರ ಛತ್ರಿ ಮಗುಚಿತು. "ಸರ, ಎರಡೂ ನಿಮಗ ಬಿಟ್ಟುಕೊಟ್ಟೇನಿ, ಇಟಗೋರಿ!"

ಶಾವಿಗೆ ಉಳಿಯಿತು, ನಾನು ಉಳಿಯಲಿಲ್ಲ. ಪ್ರತಿ ಶನಿವಾರ ಗಟಾರಕ್ಕೆ ಇಳಿಯಬೇಕೆಂದು ವಿಮಲಾ ತೀರ್ಪು ಕೊಟ್ಟಳು. ನಾನು ಗಳ ಆಡಿಸುತ್ತಿದ್ದರೆ ಕಾಕಾ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, "ಆ ಮೂಲ್ಯಾಗ ಒಂದೀಟು ಉಳದದ ನೋಡ್ರಿ ಸರ," ಎಂದು ಮಾರ್ಗದರ್ಶನ ಮಾಡುತ್ತಾರೆ. ಫಲ ಸಿಕ್ಕಿಲ್ಲವೆಂದಲ್ಲ. ಸಂಘದವರು ಚೂಡಾವನ್ನು ಕಾಗದದ ಪೊಟ್ಟಣಕ್ಕೆ ಕಟ್ಟುತ್ತಿದ್ದಾರೆ. ಓಣಿಯವರೂ ಗಟಾರಕ್ಕೆ ಏನನ್ನೂ ಎಸೆಯುವುದಿಲ್ಲ; ಮೀನಿನ ಮೇಲಿನ ಮಮತೆಯಿಂದಲ್ಲ, ಸಿಕ್ಕಿದ್ದನ್ನು ನಾನು ಗಳದ ತುದಿಗೆ ಎತ್ತಿ ಹಿಡಿದು "ಇದು ಯಾರದು?" ಎಂದು ಕೂಗುತ್ತೇನೆಂಬ ಭಯದಿಂದ. ಭಾಷಣಕ್ಕೆ ಮಾತ್ರ ಈಗ ನನ್ನನ್ನು ಯಾರೂ ಕರೆಯುವುದಿಲ್ಲ. ಗಟಾರ ಕಟ್ಟಿದರೆ ಪಕ್ಕದ ಓಣಿಯಿಂದಲೂ ಕರೆ ಬರುತ್ತದೆ.