ಒಳಜೇಬಿನ ಎರಡು ಓಟು

ಸಹಿ ಮಾಡಲು ಕನ್ನಡಕ ಬೇಕಾಗಿ ಹಾರ್ಲನ್ ಸ್ಕೋಗ್‌ಸ್ಟಾಡ್ ಕೋಟಿನ ಒಳಜೇಬಿಗೆ ಕೈ ಹಾಕಿದ. ಕನ್ನಡಕದ ಜೊತೆ ಎರಡು ಲಕೋಟೆಗಳೂ ಹೊರಬಂದು ಮೇಜಿನ ಮೇಲೆ ಬಿದ್ದವು. ಒಂದರ ಮೇಲೆ ಅವನ ಹೆಸರು, ಇನ್ನೊಂದರ ಮೇಲೆ ಹೆಂಡತಿ ವರ್ನಾಳದು. ಅಕ್ಟೋಬರಿನಲ್ಲಿ ಮೊದಲ ಹಿಮ ಬಿದ್ದ ದಿನ ಅಂಚೆಗೆ ಹಾಕಲು ಒಯ್ದಿದ್ದ ಓಟಿನ ಚೀಟಿಗಳು! ಮಾರನೇ ದಿನ ಬಿಸಿಲು ಬಂತು, ದಪ್ಪ ಕೋಟು ಗೂಟ ಸೇರಿತು. ಈಗ ಡಿಸೆಂಬರು, ಚುನಾವಣೆ ಮುಗಿದು ತಿಂಗಳಾಗಿತ್ತು.

ಅವನ ಕಿವಿ ಕಾದ ಹೆಂಚಾಯಿತು. ಅವನ ಪಕ್ಷ ಇಡೀ ರಾಜ್ಯದಲ್ಲಿ ಸೋತಿದ್ದು ಒಂದೇ ಒಂದು ಓಟಿನಿಂದ. ಮೇಲಾಗಿ ಅವನು ಮೂವತ್ತೊಂದು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವನು. ಪಕ್ಕದಲ್ಲಿದ್ದ ಖಾಲಿ ಲಕೋಟೆಗಳ ಕಟ್ಟಿನಡಿ ಎರಡನ್ನೂ ತುರುಕಿ ಕಾಫಿ ಕುಡಿಯುವವನಂತೆ ನಟಿಸಿದ.

ಮಹಡಿಯ ಮೇಲೆ ಗವರ್ನರ್ ಎದುರು, ಕ್ಯಾಮೆರಾಗಳ ಎದುರು, ಜನರ ಓಟಿನಲ್ಲಿ ಗೆದ್ದ ಪಕ್ಷದ ಮೂವರು ಪ್ರತಿನಿಧಿಗಳು ಸೇರಿ ದೇಶದ ಅಧ್ಯಕ್ಷನ ಆಯ್ಕೆಗೆ ರಾಜ್ಯದ ಮೂರು ಮತ ಹಾಕುತ್ತಿದ್ದರು. ಕೆಳಗೆ ಶೌಚಾಲಯದ ಪಕ್ಕದ ಕೋಣೆಯಲ್ಲಿ ಸೋತ ಪಕ್ಷದ ಮೂವರು: ಹಾರ್ಲನ್, ಟ್ರ್ಯಾಕ್ಟರ್ ಮಾರುವ ಕರ್ಟಿಸ್ ಬೋಲ್ಯಾಂಡರ್, ನಿವೃತ್ತ ಟೀಚರ್ ಡೆಲ್ಫೀನ್ ರಾಶ್.

"ಸೋತ ಮೇಲೂ ನಾವ್ಯಾಕ್ರೀ ಈ ಮತದ ಕಾಗದಕ್ಕೆ ಸಹಿ ಮಾಡ್ಬೇಕು?" ಎಂದ ಕರ್ಟಿಸ್.

"ಕೋರ್ಟಲ್ಲಿ ಮರುಎಣಿಕೆ ಇನ್ನೂ ಮುಗಿದಿಲ್ಲ," ಡೆಲ್ಫೀನ್ ಪಾಠ ಶುರುಮಾಡಿದಳು. "ನಾಳೆ ತೀರ್ಪು ನಮ್ಮ ಕಡೆ ಬಂದ್ರೂ, ಇವತ್ತೇ ಹಾಕಿದ ಮತ ಇಲ್ದಿದ್ರೆ ಏನೂ ಉಪಯೋಗ ಇಲ್ಲ. ಈ ಮತಕ್ಕೆ ದೇಶಕ್ಕೆಲ್ಲ ಇವತ್ತೊಂದೇ ದಿನ. ಎರಡೂ ಪಕ್ಷದ ಕಾಗದ ಹೋಗ್ಲಿ, ಯಾವುದು ಲೆಕ್ಕಕ್ಕೆ ಅಂತ ಜನವರೀಲಿ ವಾಷಿಂಗ್ಟನ್ನಿನೋರು ನೋಡ್ತಾರೆ."

"ನಂಗೆ ಸಿಟ್ಟು ಮೇಲಿನೋರ ಮೇಲಲ್ಲ. ನಮ್ಮೋನೇ ಆಗಿದ್ದೂ ಓಟು ಹಾಕ್ದೆ ಬಿದ್ಕೊಂಡಿದ್ನಲ್ಲ, ಆ ಮಹಾರಾಯ ಕೈಗೆ ಸಿಗ್ಬೇಕು!" ಎಂದ ಕರ್ಟಿಸ್.

"ಸಿಕ್ರೆ ಬೆಂಚಿನ ಮೇಲೆ ನಿಲ್ಲಿಸ್ತೀನಿ," ಎಂದಳು ಡೆಲ್ಫೀನ್.

"ನಾಚಿಕೆಗೆಟ್ಟೋನು," ಎಂದ ಹಾರ್ಲನ್. ಅವನ ದನಿ ಬಾಗಿಲ ಸಂದಿಗೆ ಸಿಕ್ಕ ಬೆಕ್ಕಿನದಾಗಿತ್ತು.

ಡೆಲ್ಫೀನ್ ಲಕೋಟೆ ಎಣಿಸಿದಳು. "ನಮ್ಮ ಕಾಗದದ ಆರು ಪ್ರತಿಗೆ ಆರು ಇಟ್ಟಿದ್ದೆ. ಎಂಟು ಹೇಗಾಯ್ತು?" ಕೆಳಗಿನೆರಡನ್ನು ಎಳೆದು ಓದಿದಳು. ಮತ್ತೆ ಓದಿದಳು. "ಹಾರ್ಲನ್... ಪೋಸ್ಟ್‌ಮ್ಯಾನ್ ಅಲ್ವೇನ್ರೀ ನೀವು?"

ಹಾರ್ಲನ್ ನೆಲ ನೋಡಿದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಎರಡು ಓಟು! ಗೆದ್ದಿದ್ವಲ್ರೀ!" ಕರ್ಟಿಸ್ ಮೇಜು ಗುದ್ದಿದ, ಕಾಫಿ ಎಗರಿತು. "ಹೇಗೂ ಇವು ಈಗ ರದ್ದಿ. ನಾವು ಗೆದ್ದಿದ್ದನ್ನ ಒಂದ್ಸಲ ಕಣ್ಣಾರೆ ನೋಡೇಬಿಡ್ತೀನಿ." ಯಾರೂ ತಡೆಯುವ ಮೊದಲೇ ಎರಡೂ ಲಕೋಟೆ ಒಡೆದ.

ಹಾರ್ಲನ್ನನ ಓಟು ತಮ್ಮ ಪಕ್ಷಕ್ಕೆ. ವರ್ನಾಳದು ಮಹಡಿ ಮೇಲಿನವರ ಪಕ್ಷಕ್ಕೆ.

ಕರ್ಟಿಸ್ ಬೆರಳು ಮಡಚಿ ಲೆಕ್ಕ ಹಾಕಿದ. "ಅವ್ರಿಗೊಂದು, ನಮಗೊಂದು. ಎರಡೂ ಬಿದ್ದಿದ್ರೂ ಒಂದೇ ಓಟಿನ ಸೋಲು! ಹಾರ್ಲನ್, ನಿಮ್ಮ ತಪ್ಪೇನೂ ಇಲ್ಲ ಮಾರಾಯ್ರೇ!"

ಡೆಲ್ಫೀನ್ ಕೂಡ ಅವನ ಭುಜ ತಟ್ಟಿದಳು. ಹೆಂಡತಿ ಕೈಕೊಟ್ಟ ನೋವಿನಲ್ಲೂ ಹಾರ್ಲನ್ನನಿಗೆ ಉಸಿರು ಬಂತು. ಕ್ಷಮೆ ಕೇಳಿಬಿಡೋಣ ಎಂದು ಅಲ್ಲೇ ಮನೆಗೆ ಫೋನ್ ಮಾಡಿದ. ಕಿವಿ ಮಂದವಾದ್ದರಿಂದ ಅವನ ಫೋನು ಯಾವಾಗಲೂ ಸ್ಪೀಕರಿನಲ್ಲೇ.

"ವರ್ನಾ, ಆ ಓಟಿನ ಲಕೋಟೆ ನಾನು ಪೋಸ್ಟಿಗೆ ಹಾಕ್ಲೇ ಇಲ್ಲ ಕಣೇ."

"ಅಷ್ಟೂ ಗೊತ್ತಿಲ್ವಾ ನಂಗೆ?" ವರ್ನಾ ನಕ್ಕಳು. "ಊರಿನ ಕಾಗದ ಎಲ್ಲ ಹಂಚ್ದೋನು, ಮನೆ ಕಾಗದ ಒಂದಾದ್ರೂ ಡಬ್ಬಿಗೆ ಹಾಕಿದ್ದೀಯಾ? ನನ್ನ ಚೀಟಿ ತಲುಪಿಲ್ಲ ಅಂತ ಆಫೀಸಲ್ಲಿ ವಿಚಾರಿಸ್ಕೊಂಡು, ಚುನಾವಣೆ ದಿನ ನಾನೇ ಹೋಗಿ ಓಟು ಹಾಕ್ಬಂದೆ. ನಿಂಗೆ ಹೇಳಿದ್ರೆ ಯಾರಿಗೆ ಅಂತ ಕೇಳ್ತೀಯ ಅಂತ ಸುಮ್ನಿದ್ದೆ."

ಕರ್ಟಿಸ್ ಮಡಚಿದ್ದ ಬೆರಳುಗಳಲ್ಲಿ ಒಂದನ್ನು ನಿಧಾನವಾಗಿ ಬಿಡಿಸಿದ. ಅವಳ ಓಟು ಆಗಲೇ ಎಣಿಕೆಯಲ್ಲಿತ್ತು. ಬೀಳದೆ ಉಳಿದಿದ್ದು ಹಾರ್ಲನ್ನನದೊಂದೇ. ಅದು ಬಿದ್ದಿದ್ದರೆ ಸಮಸಮ.

"ಹಲೋ? ಹಾರ್ಲನ್? ಯಾಕೆ ಸುಮ್ನಾದೆ?"

ಡೆಲ್ಫೀನ್ ಗೋಡೆ ಪಕ್ಕದಲ್ಲಿದ್ದ ಬೆಂಚನ್ನು ಕಾಲಿನಿಂದ ಸ್ವಲ್ಪ ಮುಂದಕ್ಕೆ ತಳ್ಳಿದಳು.