ಇಂಗ್ಲಿಷಿನಲ್ಲಿ ಹೇಳದ ಬೇರು

ಟಕ್, ಟಕ್, ಟಕ್. ಸ್ವಾತಂತ್ರ್ಯ ಬಂದ ಮರುವರ್ಷ ವಿಜಾಪುರದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಹಿತ್ತಾಳೆ ಕುಟ್ಟಾಣಿಯ ಈ ಸದ್ದಿನಿಂದ. ಬಬಲೇಶ್ವರದಿಂದ ಹೃದಯದ ಚಿಕಿತ್ಸೆಗೆಂದು ಬಂದಿದ್ದ ನಮ್ಮ ಆಯಿ, ಎಂದರೆ ಅಜ್ಜಿ, ಕೆಮ್ಮಿಗೆ ಜ್ಯೇಷ್ಠಮಧುವಿನ ಬೇರು ಕುಟ್ಟಿ ಕಷಾಯ ಕಾಸಿ ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದಳು. ಕಾನ್ವೆಂಟಿನಲ್ಲಿ ಕಲಿತವರಿಗೆ ಒಂದು ಕಾಯಿಲೆ ಇರುತ್ತದೆ: ಮನೆಯಲ್ಲಿ ಸಹಜವಾಗಿ ಕಾಣುವುದೆಲ್ಲ ಇಂಗ್ಲಿಷಿನಲ್ಲಿ ನಾಚಿಕೆ ತರುವುದು. ನನಗದು ಕ್ರಾನಿಕ್ ಆಗಿತ್ತು.

ಡಾಕ್ಟರು ಪುಣೆ ಕಡೆಯವರು, ಕನ್ನಡ ಬಾರದು. ರಜೆಗೆ ಬಂದಿದ್ದ ಹದಿನೈದರ ನಾನೇ ಇಂಟರ್‌ಪ್ರಿಟರ್. ಹೃದಯಕ್ಕೆ ಹನಿ ಔಷಧ ಬರೆದುಕೊಟ್ಟು, ಆಯಿ ಮತ್ತೇನಾದರೂ ತೆಗೆದುಕೊಳ್ಳುತ್ತಾಳೆಯೇ ಎಂದು ಕೇಳಿದರು. ಬೇರಿನ ವಿಷಯ ಹೇಳಿದರೆ ನಮ್ಮನ್ನು ಕಾಡಿನವರೆಂದುಕೊಂಡಾರೆಂದು, "ನಥಿಂಗ್ ಎಲ್ಸ್, ಡಾಕ್ಟರ್" ಎಂದುಬಿಟ್ಟೆ.

"ಏನಂದ್ರಬೇ ಅವ್ರು?" ಎಂದಳು ಆಯಿ.

"ರೊಟ್ಟಿ ಕಡಿಮಿ ತಿನ್ನು ಅಂದ್ರು." ಇದು ಎರಡನೆಯ ಸುಳ್ಳು.

"ಅಷ್ಟು ಹೇಳಾಕ ಪುಣೇದಿಂದ ಬರಬೇಕಾಗಿತ್ತೇನು?"

ಹತ್ತು ದಿನ ಹನಿಯೂ ನಡೆಯಿತು, ಕಷಾಯವೂ ನಡೆಯಿತು. ಒಂದು ಬೆಳಿಗ್ಗೆ ಆಯಿ ಲೋಟ ನೋಡಿ, "ಮಜ್ಜಿಗಿಗೆ ಅರಿಶಿಣ ಯಾಕ ಹಾಕೀಬೇ?" ಎಂದಳು.

"ಹಾಕಿಲ್ಲ, ಆಯಿ."

"ನಿನ್ನ ಬಿಳಿ ಫ್ರಾಕಿಗೂ ಹತ್ಯದಲ್ಲ. ನನಗ ಹೇಳದ ಮದುವಿ ಅರಿಶಿಣ ಹಚ್ಚಿಸ್ಕೊಂಡಿಯೇನು? ವರ ಯಾರವಾ?"

ನಾನು ಬಿದ್ದು ಬಿದ್ದು ನಕ್ಕೆ. ಮಧ್ಯಾಹ್ನದ ಹೊತ್ತಿಗೆ ಆಯಿಗೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಡಾಕ್ಟರು ಬಂದು ಅವಳ ನಾಡಿ ಹಿಡಿದು ಕೂತರು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಅವರು ಕಾಯುತ್ತಿದ್ದ ರೀತಿ ನೋಡಿದವಳೇ ಓಡಿಹೋಗಿ ಬೇರು ತಂದು ತೋರಿಸಿದೆ. "ನಾಟ್ ಮೆಡಿಸಿನ್, ಡಾಕ್ಟರ್, ಓನ್ಲಿ ಎ ರೂಟ್." ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷಕ್ಕೆ ಮರೆತಿರುತ್ತಿದ್ದೆನೋ ಏನೋ. ಎರಡನ್ನೂ ನಿಲ್ಲಿಸಿದರು, ಅಷ್ಟೆ. ಎಂಟು ದಿನವಾದ ಮೇಲೆ ಆಯಿಗೆ ಮಜ್ಜಿಗೆ ಬೆಳ್ಳಗೆ ಕಂಡಿತು. ಆ ಬೇರು ಅಂಥ ಹನಿಗಳನ್ನು ವಿಷವಾಗಿಸಬಲ್ಲದೆಂದು, ಕಣ್ಣಿಗೆ ಎಲ್ಲ ಹಳದಿ ಕಾಣುವುದು ಆ ವಿಷದ ಗುರುತೆಂದು ನಾನು ಓದಿ ತಿಳಿದದ್ದು ನನ್ನ ಕೂದಲು ನರೆತ ಮೇಲೆ.

ಅವಳನ್ನು ಕೊನೆಯ ಸಲ ನೋಡಿದ್ದು ಬಬಲೇಶ್ವರದ ಬಸ್ಸಿನ ಕಿಟಕಿಯಲ್ಲಿ. ಪಕ್ಕದ ಹೆಂಗಸಿಗೆ ನನ್ನನ್ನು ತೋರಿಸಿ, "ನನ್ನ ಮೊಮ್ಮಗಳು ನೋಡ್ರಿ. ಡಾಕ್ಟರ್ ಜೋಡಿ ಇಂಗ್ಲಿಷ್ ಮಾತಾಡಿ ನನ್ನ ಜೀವ ಉಳಿಸ್ಯಾಳ" ಎನ್ನುತ್ತಿದ್ದಳು. ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದ. ನಿಜ ಹೇಳುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ನಾನು ಕರ್ಚೀಫ್ ಬೀಸುತ್ತ ನಿಂತೆ.